ಡೀಸೆಲ್ ಟ್ಯಾಂಕಿಗೆ ಬೀಗ

ಇದು ಎರಡು ವರ್ಷದ ಹಿಂದಿನ ಮಳೆಗಾಲದ ಮಾತು. ಗೌರಿಹಬ್ಬ ಇನ್ನೇನು ಬಂತು ಅನ್ನುವ ಸಮಯ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. "ಅದನ್ನೆಲ್ಲ ಯಾಕೆ ಬರೀತೀರಿ, ಆಗಿದ್ದು ಆಗಿಹೋಯ್ತು" ಅಂತ ನನ್ನ ಹೆಂಡತಿ ಬೆಳಿಗ್ಗೆಯಿಂದ ಗೊಣಗುತ್ತಿದ್ದಾಳೆ. ಆಗಿಹೋಗಲಿಲ್ಲ ಮಾರಾಯ್ರೆ, ನನ್ನ ಹೊಟ್ಟೆಯಲ್ಲೇ ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಡ್ರೈವರ್. ಆಗ ಮುತ್ತಿನಕೊಪ್ಪದಲ್ಲಿ ರುದ್ರಪ್ಪ ಅನ್ನುವ ಕಾಳುಮೆಣಸಿನ ವ್ಯಾಪಾರಿಯ ಹಳೇ ಜೀಪು ಓಡಿಸುತ್ತಿದ್ದೆ. ಅವರ ಮದುವೆಗೂ ಮುಂಚಿನಿಂದ ಆ ಮನೆಯಲ್ಲಿದ್ದವನು. ಜೀಪಿಗೆ ವಯಸ್ಸಾಗಿತ್ತು, ಬಾಗಿಲು ಎತ್ತಿ ಹಾಕಬೇಕು, ವೈಪರ್ ಮನಸ್ಸು ಬಂದರೆ ಓಡುತ್ತಿತ್ತು. ಆದರೆ ಅದರ ಕಿಲೋಮೀಟರ್ ಮೀಟರು ಮಾತ್ರ ಸರಿಯಾಗಿತ್ತು. ಊರಲ್ಲಿ ಯಾರ ಜೀಪಿನ ಮೀಟರೂ ಓಡುವುದಿಲ್ಲ, ನಮ್ಮದು ಓಡುತ್ತಿತ್ತು. ಅದೇ ನನ್ನ ಗ್ರಹಚಾರ.

ನಮ್ಮ ಕಡೆ ಮಳೆ ಹಿಡಿಯುವ ಮೊದಲು ಜೀಪಿಗೆ ಬಟನ್ ಟೈರ್ ಹಾಕುವುದು ವಾಡಿಕೆ. ದಪ್ಪ ದಪ್ಪ ಗುಬುಟು ಇರುವ ಟೈರು, ಕೆಸರಿನ ಏರಿನಲ್ಲಿ ಜಾರದೆ ಹತ್ತುತ್ತದೆ. ಆ ವರ್ಷ ಹಳೇ ಬಟನ್ ಟೈರು ಸವೆದಿತ್ತು. ನಾನು ತಂಗಿ ಮಗಳ ಮದುವೆಗೆ ರಜೆ ಹಾಕಿ ಹೋಗಿ ಬರುವಷ್ಟರಲ್ಲಿ, ರುದ್ರಪ್ಪನವರು ಶೃಂಗೇರಿ ಕಡೆ ಯಾರೋ ಗುಜರಿಗೆ ಹಾಕಿದ ಗಾಡಿಯಿಂದ ನಾಲ್ಕು ಟೈರು ಹೊಂದಿಸಿ ತಂದು ಹಾಕಿಸಿಬಿಟ್ಟಿದ್ದರು. "ಹೆಂಗಿದೆ ಮಂಜ? ಹೊಸದರ ಹಾಗೇ ಇಲ್ವಾ?" ಅಂದರು. ಚೆನ್ನಾಗೇ ಇತ್ತು. ಚೆನ್ನಾಗಿದೆ ಅಂದೆ.

ಆಮೇಲೆ ಶುರುವಾಯಿತು ನೋಡಿ. ಲೀಟರಿಗೆ ಹನ್ನೆರಡು ಕೊಡುತ್ತಿದ್ದ ಜೀಪು ಹತ್ತಕ್ಕೂ ಬರಲಿಲ್ಲ. ಬಟನ್ ಟೈರಿಗೆ ಒಂದಿಷ್ಟು ಹೆಚ್ಚು ಡೀಸೆಲ್ ಕುಡಿಯುವುದು ಎಲ್ಲರಿಗೂ ಗೊತ್ತು, ಆದರೆ ಯಾವ ಮಳೆಗಾಲದಲ್ಲೂ ಇಷ್ಟು ಇಳಿದಿರಲಿಲ್ಲ. ರುದ್ರಪ್ಪನವರು ಫೋನಿನಲ್ಲಿ ಲೆಕ್ಕ ಹಾಕುವುದು, ನನ್ನ ಮುಖ ನೋಡುವುದು. ಮೊದಮೊದಲು ನಾನೇ ತಲೆ ಕೆಡಿಸಿಕೊಂಡೆ. ಬಾಳಗಡಿಯ ಮೆಕ್ಯಾನಿಕ್ ಸಲೀಮನ ಹತ್ತಿರ ಗಾಡಿ ಒಯ್ದು ಏರ್ ಫಿಲ್ಟರ್ ತೊಳೆಸಿದೆ, ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿಸಿದೆ. ಬ್ರೇಕು ಹಿಡಿದುಕೊಂಡಿದೆಯೋ ಅಂತ ಒಂದೊಂದೇ ಚಕ್ರ ಜಾಕ್ ಕೊಟ್ಟು ತಿರುಗಿಸಿ ನೋಡಿದೆವು. ಪೈಪು ಸೋರುತ್ತದೋ ಅಂತ ಶೆಡ್ಡಿನಲ್ಲಿ ಗಾಡಿಯ ಅಡಿಗೆ ರಟ್ಟು ಹಾಸಿಟ್ಟೆ. ಒಂದು ಹನಿ ಇಲ್ಲ. ಸಲೀಮ ಕೈ ಒರೆಸಿಕೊಂಡು, "ಎಂಜಿನ್ ಚೊಕ್ಕ ಇದೆ ಮಂಜಣ್ಣ, ಹೊಗೆ ಕೂಡ ಇಲ್ಲ" ಅಂದ.

ಅದನ್ನೇ ಸಂತೋಷದಿಂದ ಬಂದು ಯಜಮಾನರಿಗೆ ಹೇಳಿದೆ. ಎಂಥಾ ಬೆಪ್ಪ ನಾನು! ಅವರು ಕನ್ನಡಕ ತೆಗೆದು ಕೇಳಿದರು: "ಗಾಡಿ ಸರಿಯಿದೆ. ಸೋರ್ತಾ ಇಲ್ಲ. ಮತ್ತೆ ಡೀಸೆಲ್ ಎಲ್ಲಿಗೆ ಹೋಗುತ್ತೆ ಮಂಜ?"

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ, "ಎಂತ ಮಾತಾಡ್ತಿದೀರಿ ನೀವು?" ಅಂದೆ. "ನಾನೇನೂ ಅಂದಿಲ್ಲಪ್ಪ, ಕೇಳಿದೆ ಅಷ್ಟೆ" ಅಂದರು. ಏನೂ ಅನ್ನದೆ ಎಲ್ಲ ಅನ್ನುವುದು ಹೇಗೆ ಅಂತ ಇಂಥವರಿಂದ ಕಲಿಯಬೇಕು.

ಮಾರನೇ ವಾರ ನರಸಿಂಹರಾಜಪುರದ ಬಂಕಿಗೆ ಅವರೂ ನನ್ನ ಜೊತೆ ಬಂದರು. ಟ್ಯಾಂಕ್ ಫುಲ್ ಮಾಡಿಸಿ, ಚೀಲದಿಂದ ಬೀಗ ಇರುವ ಹೊಸ ಮುಚ್ಚಳ ತೆಗೆದು ತಾವೇ ಕೂರಿಸಿದರು. ಟಕ್ ಅಂತ ಬೀಗ ಹಾಕಿ, ಕೀ ಅಂಗಿ ಜೇಬಿಗೆ ಇಳಿಸಿ, ಬಂಕಿನವರಿಗೆ ಕೂಗಿ ಹೇಳಿದರು: "ಇನ್ಮೇಲೆ ಡೀಸೆಲ್ ಹಾಕಿಸಕ್ಕೆ ನಾನೇ ಬರ್ತೀನಿ ಮಾರಾಯ. ನಮ್ಮ ಡ್ರೈವರ್ ಕೈಯಲ್ಲಿ ಅದು ನಿಲ್ಲಲ್ಲ."

ಟೈರಿಗೆ ಗಾಳಿ ತುಂಬಿಸುತ್ತಿದ್ದ ಆಟೋದವರು ಇದ್ದರು, ಬಸ್ಸಿನ ಕಂಡಕ್ಟರ್ ಇದ್ದ, ಎಲ್ಲ ನನಗೆ ಗೊತ್ತಿದ್ದವರೇ. ಒಬ್ಬ ಕಿಸಕ್ಕನೆ ನಕ್ಕ. ನಾನು ಸ್ಟೀರಿಂಗ್ ಹಿಡಿದುಕೊಂಡು ಕೂತೇ ಇದ್ದೆ. ಅಷ್ಟು ವರ್ಷ ಅವರ ಹೆಂಡತಿಯ ಹೆರಿಗೆಗೆ, ಅವರ ಅಪ್ಪನ ಆಸ್ಪತ್ರೆಗೆ, ಮಕ್ಕಳ ಪರೀಕ್ಷೆಗೆ ಅಂತ ಕರೆದಾಗೆಲ್ಲ ಎದ್ದು ಓಡಿದವನು ನಾನು. ಮೆಣಸು ಮಾರಿದ ದುಡ್ಡಿನ ಚೀಲ ನನ್ನ ಕಾಲಡಿಗೆ ಇಟ್ಟು ಈ ಮನುಷ್ಯ ನಿದ್ದೆ ಮಾಡಿಕೊಂಡು ಬಂದದ್ದಿದೆ. ಅದಕ್ಕೆ ಕಾವಲು ಬೇಡ, ಡೀಸೆಲ್ಲಿಗೆ ಬೀಗ!

ಸುದ್ದಿ ಹಬ್ಬಲು ಎಷ್ಟು ಹೊತ್ತು? ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಯಾರೋ ನನ್ನ ಹೆಂಡತಿಯನ್ನು, "ಡೀಸೆಲ್ ಎಲ್ಲಿ ಮಾರ್ತಾರೆ ನಿಮ್ಮನೆಯವ್ರು?" ಅಂತ ಕೇಳಿದರಂತೆ. ಅವಳು ಅಕ್ಕಿ ತೆಗೆದುಕೊಳ್ಳದೆ ಮನೆಗೆ ಬಂದಳು. ಮದುವೆ ಟ್ರಿಪ್ಪಿಗೆ, ಆಸ್ಪತ್ರೆಗೆ ಅಂತ ಬಿಡುವಿನ ದಿನ ನನ್ನನ್ನು ಕರೆಯುತ್ತಿದ್ದವರು ಕರೆಯುವುದು ನಿಲ್ಲಿಸಿದರು. ಡ್ರೈವರನಿಗೆ ಲೈಸೆನ್ಸ್ ಹೋದರೆ ಮತ್ತೆ ಮಾಡಿಸಬಹುದು, ಹೆಸರು ಹೋದರೆ ಯಾವ ಆಫೀಸಿಗೆ ಹೋಗಲಿ?

ಬೀಗ ಹಾಕಿದ ಮೇಲೂ ಮೈಲೇಜ್ ಏರಲಿಲ್ಲ. ಅಲ್ಲಿಗಾದರೂ ಹೊಳೆಯಬೇಕಲ್ಲ ಅವರಿಗೆ? ಇಲ್ಲ. "ಕೆಳಗೆ ಪೈಪ್ ಬಿಚ್ಚಿ ಎಳೀತಾನೇನೋ" ಅಂತ ಅಂಗಡಿ ಜಗುಲಿಯಲ್ಲಿ ಕೂತು ಹೇಳಿದರಂತೆ. ಬಿಟ್ಟುಹೋಗೋಣ ಅಂತ ಎಷ್ಟೋ ಸಲ ಅನ್ನಿಸಿತು. ಆದರೆ ಆಗ ಬಿಟ್ಟರೆ, ಕದ್ದು ಸಿಕ್ಕಿಬಿದ್ದು ಓಡಿಹೋದ ಅನ್ನುತ್ತಾರೆ. ಹಲ್ಲು ಕಚ್ಚಿಕೊಂಡು ಉಳಿದೆ.

ಆ ಮನೆಯಲ್ಲಿ ನನ್ನ ಜೊತೆ ಮೊದಲಿನ ಹಾಗೇ ಇದ್ದದ್ದು ರುದ್ರಪ್ಪನವರ ತಾಯಿ ಶಾಂತಮ್ಮ ಒಬ್ಬರೇ. ಅವರಿಗೆ ಮಂಡಿನೋವು. ಹರಿಹರಪುರದಲ್ಲಿ ಎಣ್ಣೆ ಕೊಡುವ ಪಂಡಿತರೊಬ್ಬರ ಹತ್ತಿರ ಆಗಾಗ ಕರೆದುಕೊಂಡು ಹೋಗುತ್ತಿದ್ದೆ. ಮಳೆ ಹಿಡಿದ ಮೇಲೆ ಹೋಗಿರಲಿಲ್ಲ, ಗೌರಿಹಬ್ಬದ ಮುಂಚೆ ಹೊರಟೆವು. ಮನೆಯಲ್ಲಿ ಮೆಟ್ಟಿಲ ಪಕ್ಕ ಜೀಪು ನಿಲ್ಲಿಸಿದ್ದರಿಂದ ಹತ್ತುವುದು ಕಷ್ಟವಾಗಲಿಲ್ಲ. ಎಣ್ಣೆ ತೆಗೆದುಕೊಂಡು ವಾಪಸು ಹತ್ತಬೇಕು, ಅಮ್ಮನಿಗೆ ಕಾಲು ಎಟುಕಲಿಲ್ಲ.

"ಇದೆಂತದೋ ಮಂಜ, ಹೋದ ಬೇಸಿಗೇಲಿ ಇಲ್ಲೇ ನಾನೇ ಹತ್ತಿದ್ದೆ. ನಿನ್ನ ಜೀಪು ಎತ್ತರ ಆಗಿದೆ" ಅಂದರು.

"ಜೀಪು ಎಲ್ಲಾದ್ರೂ ಬೆಳೆಯುತ್ತಾ ಅಮ್ಮಾ? ನಿಮ್ಮ ಮಂಡಿ ಹಟ ಮಾಡ್ತಿದೆ" ಅಂದೆ.

"ನನ್ನ ಮಂಡಿ ನಂಗೆ ಗೊತ್ತಿಲ್ವೇನೋ? ಎರಡು ಬೆರಳು ಏರಿದ್ರೂ ಅದು ಹೇಳುತ್ತೆ" ಅಂತ ನನ್ನ ಮೇಲೇ ರೇಗಿದರು.

ಕಾಲಿಡಲು ಏನಾದರೂ ಬೇಕಲ್ಲ. ಹಿಂದುಗಡೆ ನೇತುಹಾಕಿದ್ದ ಸ್ಟೆಪ್ನಿ ಬಿಚ್ಚಿದೆ. ಅದು ಜೀಪಿಗೆ ಮೊದಲಿಂದ ಇದ್ದ ಸೈಜಿನ ಮಾಮೂಲಿ ಟೈರು, ಅದನ್ನು ಯಾರೂ ಬದಲಾಯಿಸಿರಲಿಲ್ಲ. ಉರುಳಿಸಿಕೊಂಡು ಬಂದು ಮುಂದಿನ ಚಕ್ರಕ್ಕೆ ಒರಗಿಸಿದೆ. ಒರಗಿಸಿದವನು ಹಾಗೇ ನಿಂತುಬಿಟ್ಟೆ. ಸ್ಟೆಪ್ನಿ ನಾಲ್ಕು ಬೆರಳು ಗಿಡ್ಡ! ಶೃಂಗೇರಿ ಕಡೆಯಿಂದ ತಂದ ಆ ಟೈರುಗಳು ಒಂದು ಸೈಜು ದೊಡ್ಡವು.

ಮೀಟರು ರಸ್ತೆಯನ್ನು ನೋಡುವುದಿಲ್ಲ, ಚಕ್ರ ಎಷ್ಟು ಸಲ ಸುತ್ತಿತು ಅನ್ನುವುದನ್ನು ನೋಡುತ್ತದೆ. ದೊಡ್ಡ ಚಕ್ರ ಅದೇ ದಾರಿಗೆ ಕಮ್ಮಿ ಸುತ್ತು ಸುತ್ತುತ್ತದೆ. ಅಂದರೆ ನಾವು ಪೂರ್ತಿ ದಾರಿ ಓಡಿದರೂ ಮೀಟರು ಕಮ್ಮಿ ಬರೆದುಕೊಳ್ಳುತ್ತಿತ್ತು, ಕಮ್ಮಿ ಕಿಲೋಮೀಟರಿಗೆ ಅಷ್ಟೇ ಡೀಸೆಲ್ ಅಂತ ಲೆಕ್ಕ ಬರುತ್ತಿತ್ತು. ಉಳಿದದ್ದು ಬಟನ್ ಟೈರು, ಕೆಸರು ಕುಡಿದದ್ದು. ಕಳ್ಳನೂ ಇಲ್ಲ, ಸುಳ್ಳನೂ ಇಲ್ಲ!

ಸ್ಟೆಪ್ನಿ ಮಲಗಿಸಿ, ಅಮ್ಮನನ್ನು ಹತ್ತಿಸಿ, ಹೇಳಿದೆ. "ಹಂಗಾದ್ರೆ ಕಲ್ಲು ಎಣಿಸೋಣ, ನಡಿ" ಅಂದರು. ಕೊಪ್ಪ ದಾಟಿ ಒಂದು ಕಲ್ಲಿನ ಹತ್ತಿರ ಮೀಟರು ನೋಡಿಕೊಂಡೆ. ಅಲ್ಲಿಂದ ಮುಂದೆ ಅಮ್ಮ ಪ್ರತಿ ಕಿಲೋಮೀಟರ್ ಕಲ್ಲಿಗೂ "ಬಂತು, ಇನ್ನೊಂದು ಬಂತು" ಅಂತ ಕೂಗುತ್ತಾ ಎಣಿಸಿದರು. ಹತ್ತನೇ ಕಲ್ಲು ಬಂದಾಗ ಮೀಟರು ಒಂಬತ್ತರ ಮೇಲೆ ಒಂಚೂರು ತೋರಿಸುತ್ತಿತ್ತು. ಅಮ್ಮ, "ನನ್ನ ಮಗ ನಿನ್ನನ್ನ ಎಷ್ಟು ಅಂದ" ಅಂತ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನನಗೂ ಕಣ್ಣು ಮಂಜಾಯಿತು.

ಡೀಸೆಲ್ ಮುಗಿಯುತ್ತಾ ಬಂದಿತ್ತು. ನರಸಿಂಹರಾಜಪುರದ ಅದೇ ಬಂಕಿನಲ್ಲಿ ನಿಲ್ಲಿಸಿ ಯಜಮಾನರಿಗೆ ಫೋನ್ ಮಾಡಿದೆ. ಕೀ ಅವರ ಜೇಬಿನಲ್ಲಲ್ಲವೇ? ಬೈಕಿನಲ್ಲಿ ಬಂದರು. ನಾನು ಸ್ಟೆಪ್ನಿಯನ್ನು ಚಕ್ರದ ಪಕ್ಕ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಬಂಕಿನವರು, ಆಟೋದವರು ಆಗಲೇ ನೋಡಲು ಬಂದಿದ್ದರು. ಎಲ್ಲರ ಎದುರಿಗೆ ವಿವರಿಸಿದೆ. ಅಮ್ಮ ಜೀಪಿನೊಳಗಿಂದಲೇ ಕಲ್ಲಿನ ಲೆಕ್ಕ ಹೇಳಿದರು.

ರುದ್ರಪ್ಪನವರು ಬಗ್ಗಿ ನೋಡಿದರು, ಕೈಯಿಟ್ಟು ಅಳೆದರು. ಆಮೇಲೆ ಹೋ ಅಂತ ನಕ್ಕರು. "ಅಯ್ಯೋ ಇದರ! ಟೈರ್ ಮಾಡಿದ ಕೆಲಸನಾ ಇದು! ನಂಗೆ ಹೊಳೀಲೇ ಇಲ್ಲ ನೋಡು." ಆಟೋದವರೂ ನಕ್ಕರು. ನಾನು ನಗಲಿಲ್ಲ. ಈಗ ಒಂದು ಮಾತು ಹೇಳುತ್ತಾರೆ, ಇದೇ ಜಾಗದಲ್ಲಿ, ಇದೇ ಜನರ ಎದುರಿಗೆ ಹೇಳುತ್ತಾರೆ ಅಂತ ಕಾದೆ. ತಪ್ಪಾಯ್ತು ಅನ್ನುವುದೂ ಬೇಡ. ನಮ್ಮ ಮಂಜ ಅಂಥವನಲ್ಲ ಅಂದಿದ್ದರೆ ಸಾಕಿತ್ತು.

ಅವರು ಮುಚ್ಚಳ ತೆಗೆದರು, ಡೀಸೆಲ್ ಹಾಕಿಸಿದರು. ಮುಚ್ಚಳ ಕೂರಿಸಿ, ಟಕ್ ಅಂತ ಮತ್ತೆ ಬೀಗ ಹಾಕಿ, ಕೀ ಜೇಬಿಗಿಳಿಸಿದರು.

"ಮತ್ತೆ ಬೀಗ ಯಾಕೆ?" ಅಂದೆ.

"ಇರ್ಲಿ ಬಿಡೋ ಮಾರಾಯ. ಹಾಕಿದ್ದು ಹಾಕಿ ಆಗಿದೆ. ಹೊರಡು, ಹೊತ್ತಾಯ್ತು."

ಜೀಪಿನ ಕೀ ತೆಗೆದು ಬಾನೆಟ್ಟಿನ ಮೇಲಿಟ್ಟೆ. "ಇದನ್ನೂ ನಿಮ್ಮ ಜೇಬಿಗೇ ಹಾಕ್ಕೊಳ್ಳಿ" ಅಂದೆ. ಅವರು ಬಾಯಿ ತೆರೆಯುವ ಮೊದಲೇ ಅಮ್ಮ ಒಳಗಿಂದ, "ಎತ್ಕೊಳ್ಳೋ ರುದ್ರ. ಇನ್ಮೇಲೆ ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗೋದಿದ್ರೂ ನೀನೇ ಓಡಿಸು. ಮಂಜ, ನೀ ಹೋಗಪ್ಪ" ಅಂದರು. ಅವರಿಗೆ ಅಲ್ಲೇ ಕೈಮುಗಿದು ಬಸ್ ಸ್ಟ್ಯಾಂಡಿಗೆ ನಡೆದೆ. ಯಾರೂ ನಗಲಿಲ್ಲ.

ಈಗ ಕೊಪ್ಪದಲ್ಲಿ ಒಬ್ಬರ ಪಿಕಪ್ ಓಡಿಸುತ್ತೇನೆ. ಅವರು ಮೈಲೇಜ್ ಎಷ್ಟು ಅಂತ ಮಾಮೂಲಿಯಾಗಿ ಕೇಳಿದರೂ ನನ್ನ ಎದೆ ಒಂದು ಸಲ ಧಸಕ್ಕೆನ್ನುತ್ತದೆ. ರುದ್ರಪ್ಪನವರು ದಾರಿಯಲ್ಲಿ ಸಿಕ್ಕರೆ "ಏನ್ ಮಂಜ, ಇನ್ನೂ ಸಿಟ್ಟೇನೋ?" ಅಂತ ನಗುತ್ತಾರೆ. ಹೌದು, ಇನ್ನೂ ಸಿಟ್ಟೇ. ಬಂಕಿಗೆ ಹೋದಾಗ ಅಲ್ಲಿನವರು ಮುಚ್ಚಳ ತೆಗೆಯಲು ಕೈ ಚಾಚುತ್ತಾರೆ. ನಾನು ಬಿಡುವುದಿಲ್ಲ. ಇಳಿದು ಬಂದು, ಎಲ್ಲರಿಗೂ ಕಾಣುವ ಹಾಗೆ, ನನ್ನ ಕೈಯಾರೆ ತೆಗೆಯುತ್ತೇನೆ.