ಮೀನಿಗೊಂದು ಹೆಪ್ಪು

ಬಿದರೆಹಳ್ಳಿ ಕಾವಲಿನ ಆಚೆ, ತೆಂಗಿನ ತೋಟವೊಂದರ ತಗ್ಗಿನಲ್ಲಿ ಗಿರಿಯಮ್ಮನ ಕೃಷಿಹೊಂಡವಿದೆ. ಬೆಳಗಿನ ಹೊತ್ತು ಅದರ ದಂಡೆಯಲ್ಲಿ ಕುಳಿತರೆ ನೀರೇ ಮೆಲ್ಲಗೆ ಉಸಿರಾಡುತ್ತಿದೆಯೇನೋ ಎನಿಸುತ್ತದೆ. ಒಮ್ಮೊಮ್ಮೆ ಕಾವಲಿನಲ್ಲಿರುವ ಹೆಲಿಕಾಪ್ಟರ್ ಕಾರ್ಖಾನೆಯಿಂದ ಹಾರಿದ್ದೊಂದು ಮೇಲೆ ಹಾದುಹೋಗುವಾಗ, ಅದರ ನೆರಳು ದೊಡ್ಡದೊಂದು ಮೀನಿನಂತೆ ಹೊಂಡವನ್ನು ದಾಟಿ ರಾಗಿ ಹೊಲದೊಳಗೆ ಮಾಯವಾಗುತ್ತದೆ.

ಗಿರಿಯಮ್ಮ ಹುಟ್ಟಿದ್ದು ಕುಣಿಗಲ್ ಸೀಮೆಯಲ್ಲಿ, ಮಾರ್ಕೋನಹಳ್ಳಿ ಜಲಾಶಯದ ಅಂಚಿನಲ್ಲಿ. ತಂದೆ ಬೆಟ್ಟಯ್ಯ ಹರಿಗೋಲಿನಲ್ಲಿ ಹೋಗಿ ಬಲೆ ಬೀಸುತ್ತಿದ್ದವರು. ಮದುವೆಯಾಗಿ ಗುಬ್ಬಿಯ ಕಡೆಗೆ ಬಂದ ಹೊಸತರಲ್ಲಿ ಆಕೆಗೆ ನಿದ್ದೆಯಲ್ಲಿ ಅಲೆಗಳ ಸಪ್ಪಳ ಕೇಳಿಸುತ್ತಿತ್ತಂತೆ. ಎಚ್ಚರವಾದರೆ ಅದು ತೆಂಗಿನ ಗರಿಗಳ ಸದ್ದು.

ಹೊಂಡ ತೆಗೆಸಿದಾಗ ಮೀನು ಬಿಡಬೇಕೆಂದು ಹಟ ಹಿಡಿದವಳು ಆಕೆಯೇ. ಗಂಡ ಪುಟ್ಟರಂಗಯ್ಯ ಒಪ್ಪಿದ. ಆದರೆ ಕಾಟ್ಲಾ ಮರಿಗಳು ಬೆಳೆಯಲಿಲ್ಲ. ಹೊಟ್ಟೆ ಉಬ್ಬಿಸಿಕೊಂಡು, ಮಂಕಾಗಿ ತೇಲುತ್ತಿದ್ದವು.

"ಈ ಸಲಾನೂ ಇವು ಬೆಳೀದಿದ್ರೆ ಹೊಂಡ ಮುಚ್ಸಿ ತೆಂಗಿನ ಸಸಿ ಇಡ್ತೀನಿ ಕಣೇ," ಎಂದ.

"ನನ್ನೂ ಒಳಕ್ಕೆ ಹಾಕಿ ಮುಚ್ಸಿ," ಎಂದಳು ಗಿರಿಯಮ್ಮ.

ಮೀನುಗಾರಿಕೆ ಇಲಾಖೆಯ ಸುಧಾ ಬಂದು ನೋಡಿ, ಒಂದು ಪೊಟ್ಟಣ ಪುಡಿ ಕೊಟ್ಟಳು. ಕರುಳಿಗೆ ಒಳಿತುಮಾಡುವ ಜೀವಾಣುಗಳು ಅದರಲ್ಲಿದ್ದವು. ಬೆಲ್ಲದ ನೀರಿನಲ್ಲಿ ಕದಡಿ, ರಾತ್ರಿಯಿಡೀ ಇಟ್ಟು, ತೌಡು ಹಿಂಡಿಗೆ ಬೆರೆಸಿ ಹಾಕಿದರೆ ಮೀನು ತಿಂದದ್ದು ಮೈಗೆ ಹತ್ತುತ್ತದೆ ಎಂದು ವಿವರಿಸಿದಳು.

"ಮಜ್ಜಿಗೆ ಕುಡಿದ್ರೆ ನಮ್ಮ ಹೊಟ್ಟೆ ತಣ್ಣಗಾಗಲ್ವಾ, ಹಂಗೆ. ಮೀನಿಗೊಂದು ಹೆಪ್ಪು ಅಂದ್ಕೊಳಿ ಗಿರಿಯಮ್ಮ."

ಹೆಪ್ಪು ಎಂಬ ಆ ಮಾತು ಆಕೆಯ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಮೊದಮೊದಲು ಮೀನುಗಳು ಗೆಲುವಾದವು. ಆದರೆ ತವರಿನಿಂದ ತಂದ ಮೊಸರಿನ ಹೆಪ್ಪನ್ನು ಇಂದಿಗೂ ತಪ್ಪದಂತೆ ಉಳಿಸಿಕೊಂಡು ಬಂದ ಗೃಹಿಣಿ ಆಕೆ. ಹೆಪ್ಪೆಂದ ಮೇಲೆ ದಿನವೂ ಹೊಸ ಪುಡಿಯೇಕೆ? ನಿನ್ನೆಯ ಮಡಕೆಯಲ್ಲಿ ಒಂದು ಸೌಟು ಉಳಿಸಿ, ಇಂದಿನ ಬೆಲ್ಲದ ನೀರಿಗೆ ಬಿಡತೊಡಗಿದಳು. ಕೆಲವೇ ವಾರಗಳಲ್ಲಿ ಮೀನುಗಳು ಮೇವಿಗೆ ಮೂತಿ ಹಾಕುವುದನ್ನೇ ಬಿಟ್ಟವು. ಪುಟ್ಟರಂಗಯ್ಯ ನರ್ಸರಿಗೆ ಹೋಗಿ ತೆಂಗಿನ ಸಸಿ ಬೇಕೆಂದು ಹೇಳಿಬಂದ.

ಗಿರಿಯಮ್ಮ ಕಂಗಾಲಾಗಿ ಸುಧಾಳನ್ನು ಕರೆಸಿದಳು. ಸುಧಾ ಮಡಕೆಗೆ ಮೂಗು ತಂದವಳೇ ಹಿಂದೆ ಸರಿದಳು.

"ಏನಿದು, ನಾರ್ತಾ ಇದೆ! ಯಾವತ್ತಿಂದು?"

"ನೆನ್ನೇದು ಕಣಮ್ಮಣ್ಣಿ. ಮೊನ್ನೇದ್ರಾಗೆ ಒಂದು ಸೌಟು ಉಳಿಸಿ ಹೆಪ್ಪಿಟ್ಟಿದ್ದೆ."

ಸುಧಾ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಹೆಪ್ಪು ಅಂತ ಹೇಳಿ ನಾನೇ ಕೆಡಿಸ್ಬಿಟ್ಟೆ! ಹಾಲಾದ್ರೆ ಕಾಯಿಸ್ತೀರಿ. ಈ ನೀರು ಹಸಿ ನೀರು. ದಿನಾ ಒಂದಿಷ್ಟು ಬೇರೆ ಜೀವಾಣು ಬಂದು ಸೇರ್ಕೊಂಡಿವೆ. ಈಗ ಮಡಕೆ ತುಂಬ ನೆಂಟ್ರೇ, ಮನೆಯೋರು ಒಬ್ರೂ ಇಲ್ಲ."

ಗಿರಿಯಮ್ಮನಿಗೆ ಅಳುವಿನ ನಡುವೆಯೂ ನಗು ಬಂತು. ಮಡಕೆಯನ್ನು ದೂರದ ತಿಪ್ಪೆಗೆ ಸುರಿದು ಬಂದಳು. ಸುಧಾ ಹೇಳಿದಂತೆ ಕೆಲವು ದಿನ ಮೇವು ನಿಲ್ಲಿಸಿ, ಬೋರಿನ ಹೊಸ ನೀರು ಬಿಟ್ಟಳು. ಆಮೇಲೆ ಪ್ರತಿಸಲವೂ ಪೊಟ್ಟಣದ ಪುಡಿಯನ್ನೇ ಹೊಸದಾಗಿ ಕದಡಿದಳು. ಅಷ್ಟು ದಿನ ತಡೆಯುವಂತೆ ಗಂಡನನ್ನು ಬೇಡಿಕೊಂಡಿದ್ದಳು. ಅವನು ತಂದ ಸಸಿಗಳನ್ನು ತೆಂಗಿನ ನೆರಳಿನಲ್ಲಿ ಸಾಲಾಗಿ ಇಳಿಸಿಟ್ಟು ಕಾದ.

ಒಂದು ಮುಂಜಾನೆ, ಮಂಜಿನ್ನೂ ನೀರಿನ ಮೇಲೆ ಮಲಗಿರುವಾಗ, ಪುಟ್ಟರಂಗಯ್ಯ ತಾನೇ ದಂಡೆಗೆ ಬಂದು ಮೇವಿನ ಬುಟ್ಟಿಗೆ ಕೈಹಾಕಿದ. ಎರಚಿದ್ದೇ ತಡ, ನೀರು ಕುದಿಯುವಂತೆ ಎದ್ದಿತು. ಮಂಜಿನ ನಡುವೆ ಬೆಳ್ಳಿಯ ಬೆನ್ನುಗಳು ಮಿನುಗಿ ಮುಳುಗಿದವು.

"ಇವಕ್ಕೆ ನನ್ನ ಕಂಡ್ರೆ ಒಂಚೂರೂ ಬಯ ಇಲ್ವಲ್ಲೇ!"

"ನಿಮ್ಮನ್ನ ಎಲ್ಲಿ ನೋಡ್ತವೆ? ನಿಮ್ ಕೈ ನೋಡ್ತವೆ."

ಆತ ನಕ್ಕು, ಇನ್ನೊಂದು ಹಿಡಿ ಎರಚಿದ. "ಆ ಸಸೀನ ಹೊಲದ ಬದಕ್ಕೆ ಇಟ್ರಾಯ್ತು ಬುಡು," ಎಂದ.

ಗಿರಿಯಮ್ಮ ಸೀರೆಯ ನೆರಿಗೆ ಎತ್ತಿಕಟ್ಟಿದಳು. ಕಾಲುಗಳನ್ನು ನೀರಿಗೆ ಇಳಿಬಿಟ್ಟು ಕುಳಿತಳು. ಮೀನೊಂದು ಬಂದು ಅವಳ ಹಿಮ್ಮಡಿಯನ್ನು ಮೆಲ್ಲಗೆ ಮುಟ್ಟಿ ಹೋಯಿತು.