ಹರಿದ ಕಿವಿಗೆ ಬೆಂಡಿನ ಓಲೆ

ಸಿದ್ದಾಪುರದ ಕಲ್ಯಾಣ ಮಂಟಪವೊಂದರಲ್ಲಿ ಮಹಿಳಾ ಸಂಘದವರು ವರ್ಷಕ್ಕೊಮ್ಮೆ ಮಾರಾಟ ಮೇಳ ನಡೆಸುತ್ತಾರೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಹೊಲಿದ ಚೀಲ, ಇವುಗಳ ಸಾಲಿನ ಕೊನೆಗೆ ನನ್ನದೊಂದು ಮೇಜು. ನಾನು ಶಿರಸಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕೂತು ರೇಷ್ಮೆ ದಾರದ ಝುಮಕಿ, ಬಳೆ, ಸರ ಮಾಡಿ ಮಾರುವವಳು. ಮೊದಲು ರವಿಕೆ ಹೊಲಿಯುತ್ತಿದ್ದೆ. ರವಿಕೆಗೆ ಹೊಂದುವ ದಾರವನ್ನೇ ಸುತ್ತಿ ಗಿರಾಕಿಯೊಬ್ಬಳಿಗೆ ಒಂದು ಜೊತೆ ಓಲೆ ಸುಮ್ಮನೆ ಮಾಡಿಕೊಟ್ಟಿದ್ದೆ. ಅವಳು ಅದನ್ನು ಹಾಕಿಕೊಂಡು ಎರಡು ಮದುವೆಗೆ ಹೋಗಿಬಂದಳು, ಅಷ್ಟೆ. ನೋಡನೋಡುತ್ತ ಹೊಲಿಗೆ ಯಂತ್ರದ ಮೇಲೆ ಮಣಿಯ ಡಬ್ಬಿಗಳು ಬಂದು ಕೂತವು, ರವಿಕೆ ಬಟ್ಟೆ ತಂದವರನ್ನು ನಾನೇ ಪಕ್ಕದ ಬೀದಿಯ ದರ್ಜಿಯ ಹತ್ತಿರ ಕಳಿಸತೊಡಗಿದೆ.

ಆ ಮೇಳದಲ್ಲಿ ನನ್ನ ಮೇಜಿನ ಮುಂದೆ ತುಂಬ ಹೊತ್ತು ನಿಂತವರು ಒಬ್ಬ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಇವರು ನಿವೃತ್ತರಾಗಿ ಎಷ್ಟೋ ವರ್ಷವಾದರೂ ಊರಿಗೆಲ್ಲ ಅಕ್ಕೋರೇ. ಜೊತೆಗೆ ಬಂದ ಹೆಂಗಸರಿಗೆಲ್ಲ ಅವರೇ ಓಲೆ ಆರಿಸಿದರು. ಇವಳ ಬಣ್ಣಕ್ಕೆ ಹಸಿರು, ಅವಳ ಕುತ್ತಿಗೆ ಗಿಡ್ಡ, ಉದ್ದದ್ದು ಬೇಡ, ಎಂದೆಲ್ಲ ಹೇಳುವಾಗ ಅವರ ಕಣ್ಣು ತಪ್ಪುತ್ತಿರಲಿಲ್ಲ. ಎಲ್ಲರಿಗೂ ಆದ ಮೇಲೆ ನಾನು ಒಂದು ಕೆಂಪು ಜೊತೆ ಎತ್ತಿ, "ನಿಮಗೊಂದು ನೋಡಿ ಅಕ್ಕೋರೆ" ಎಂದೆ.

"ಎಂಗೆ ಎಂತಕ್ಕೆ ತಂಗಿ? ಹಾಕ್ಯಂಬಲೆ ಕಿವಿಯೇ ಇಲ್ಲೆ" ಎಂದರು ತಮ್ಮ ಹವ್ಯಕ ಮಾತಿನಲ್ಲಿ, ನಗುತ್ತ. ಓಲೆ ಹಾಕಿಕೊಳ್ಳಲು ಅವರಿಗೆ ಕಿವಿಯೇ ಇಲ್ಲವಂತೆ.

ನನಗೆ ಅರ್ಥವಾಗಲಿಲ್ಲ. ಅವರು ಅತ್ತಿತ್ತ ನೋಡಿ ಸೆರಗು ಸರಿಸಿದರು. ಬಲಗಿವಿಯ ಹಾಲೆ ನಡುವೆ ಸೀಳಿ ಎರಡಾಗಿತ್ತು. ಎಡಗಿವಿಯದು ಇನ್ನೂ ಸೀಳಿರಲಿಲ್ಲ, ಆದರೆ ತೂತು ಜಗ್ಗಿ ಜಗ್ಗಿ ನೂಲಿನಷ್ಟು ಚರ್ಮ ಉಳಿದಿತ್ತು. ಮದುವೆಯಲ್ಲಿ ತವರಿನವರು ಕೊಟ್ಟ ಓಲೆ ಭಾರದ್ದಂತೆ. ಅದನ್ನೇ ಹಾಕಿಕೊಂಡು ಒಂದನೇ ಕ್ಲಾಸಿಗೆ ಪಾಠ ಮಾಡುತ್ತಿದ್ದಾಗ, ಅಳುವ ಹುಡುಗಿಯೊಬ್ಬಳನ್ನು ಎತ್ತಿಕೊಂಡರೆ ಅವಳು ಓಲೆಗೇ ಜೋತುಬಿದ್ದಳಂತೆ.

"ಡಾಕ್ಟ್ರು ಹೊಲಿಗೆ ಹಾಕ್ತೆ ಹೇಳಿದಿದ್ದ. ಆನೇ ಬ್ಯಾಡ ಹೇಳಿ ಬಿಟ್ಟೆ. ಈಗ ಈ ವಯಸ್ಸಿಗೆ ಯಾರು ನೋಡ್ತ ಎನ್ನ ಕಿವಿಯ?"

ಯಾರೂ ನೋಡುವುದಿಲ್ಲ ಎಂದವರು ಸೆರಗನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡ ರೀತಿ ನೋಡಿ ನನ್ನ ಬಾಯಿ ತಡೆಯಲಿಲ್ಲ. "ನಿಮ್ಮ ಕಿವಿಗೆ ಆಗುವಂಥದ್ದು ನಾನು ಮಾಡಿಕೊಡ್ತೇನೆ" ಎಂದುಬಿಟ್ಟೆ.

"ಮಾಡು ನೋಡನ. ಆನೇನು ಎಲ್ಲಿಗೂ ಓಡಿ ಹೋಗ್ತ್ನಿಲ್ಲೆ."

ಹೇಳಿದ್ದು ಸುಲಭ. ಮೊದಲು ಕ್ಲಿಪ್ಪಿನ ಓಲೆ ಮಾಡಿ ನನ್ನ ಕಿವಿಗೇ ಹಾಕಿ ನೋಡಿದೆ. ದೋಸೆ ಹುಯ್ದು ಮುಗಿಯುವಷ್ಟರಲ್ಲಿ ಕಿವಿ ಮೆಣಸಿನಕಾಯಿಯಂತಾಯಿತು. ಆಮೇಲೆ ಅಂಟಿಸುವ ಓಲೆ. ಅದು ಮಧ್ಯಾಹ್ನದ ಹೊತ್ತಿಗೆ ಕಳಚಿ ಸಾರಿನ ಪಾತ್ರೆಗೆ ಬಿತ್ತು, ನನ್ನ ಗಂಡನ ಸೌಟಿಗೆ ಸಿಕ್ಕಿತು. "ಇವತ್ತು ಸಾರಿಗೆ ಏನು ಹಾಕಿದ್ದು?" ಎಂದು ಕೇಳಿದರು ಅಷ್ಟೆ, ಪಾಪ.

ದಾರಿ ತೋರಿಸಿದ್ದು ಕನ್ನಡಕದ ಅಂಗಡಿಯ ಭಾಯಿ. ಶಿರಸಿಯ ಪೇಟೆಯಲ್ಲಿ ಅವರದೊಂದು ಕಿರಿದಾದ ಅಂಗಡಿ, ಅವರ ತಂದೆಯ ಕಾಲದ್ದು. ದಾರ ಸುತ್ತಿ ಸುತ್ತಿ ನನ್ನ ಕಣ್ಣಿಗೂ ಕನ್ನಡಕ ಬಂದಿತ್ತು, ಅದರ ಕಡ್ಡಿ ಸಡಿಲಾಗಿದೆ ಎಂದು ಒಯ್ದಿದ್ದೆ. ಅವರು ಅದನ್ನು ಬಗ್ಗಿಸಿ ನನ್ನ ಕಿವಿಯ ಹಿಂದೆ ಕೂರಿಸುತ್ತಿದ್ದಾಗ ನನಗೆ ಹೊಳೆಯಿತು. ತೂತೇ ಇಲ್ಲದೆ ಕಿವಿ ಇಡೀ ದಿನ ಕನ್ನಡಕ ಹೊರುತ್ತದಲ್ಲ!

ವಿಷಯ ಹೇಳಿದೆ. ಭಾಯಿ ನಗಲಿಲ್ಲ. ತೆಳ್ಳನೆಯ ತಂತಿಯೊಂದನ್ನು ಎತ್ತಿಕೊಂಡು ಇಕ್ಕಳದಲ್ಲಿ ಬಗ್ಗಿಸುತ್ತ, "ಆಗ್ತದೆ ಅಕ್ಕಾ. ಕಿವಿ ಹಿಂದಿಂದ ಬಂದು ಹಾಲೆ ಮುಂದೆ ಓಲೆ ನಿಲ್ಲೋ ಹಂಗೆ ಮಾಡ್ಬಹುದು. ಆದ್ರೆ ಎರಡು ಮಾತು. ಒಂದು, ಒಬ್ರ ಎರಡು ಕಿವಿನೂ ಒಂದೇ ತರ ಇರೂದಿಲ್ಲ, ಅದ್ಕೆ ಅವ್ರ ಅಳತೆನೇ ತರಬೇಕು. ಇನ್ನೊಂದು, ಓಲೆಗೆ ತೂಕ ಇರಬಾರದು. ತೂಕ ಇದ್ರೆ ಈ ಕೊಕ್ಕೆ ಮುಂದಕ್ಕೆ ಜಾರ್ತದೆ" ಎಂದರು.

ಅಳತೆ ತರಲು ಸಿದ್ದಾಪುರಕ್ಕೆ ಹೋದೆ. ಭಾಯಿ ಕೊಟ್ಟ ಮೆದು ತಂತಿಯನ್ನು ಅಕ್ಕೋರ ಕಿವಿಯ ಸುತ್ತ ಒತ್ತಿ ಅಚ್ಚು ತೆಗೆಯುವಾಗ ಅವರಿಗೆ ಕಚಗುಳಿಯಾಗಿ ಕುರ್ಚಿಯಲ್ಲೇ ಕುಣಿದರು. ಮೂರು ಸಲ ಅಚ್ಚು ಕೆಟ್ಟಿತು. ಕೊನೆಗೆ ಅವರು ಕಣ್ಣು ಮುಚ್ಚಿಕೊಂಡು ಹದಿನೇಳರ ಮಗ್ಗಿ ಹೇಳುತ್ತ ಕೂತರು. ಮಗ್ಗಿ ಮುಗಿಯುವುದರೊಳಗೆ ಎರಡೂ ಕಿವಿಯ ಅಳತೆ ಸಿಕ್ಕಿತು.

ಆ ಅಳತೆಗೆ ಭಾಯಿ ಕೊಕ್ಕೆ ಬಗ್ಗಿಸಿಕೊಟ್ಟರು, ಆದರೆ ತೂಕದ್ದೇ ತೊಂದರೆ. ನನ್ನ ದಾರದ ಝುಮಕಿಯ ಒಳಗೆ ಪ್ಲಾಸ್ಟಿಕ್ಕಿನ ಬುಡ ಇರುತ್ತದೆ, ಅದನ್ನು ಸಿಕ್ಕಿಸಿದರೆ ಕೊಕ್ಕೆ ಜಾರಿತು. ಮಣ್ಣಿನದು, ಮರದ್ದು, ಎಲ್ಲ ನೋಡಿದೆ. ಬಟ್ಟೆಯದು ಹಗುರ, ಆದರೆ ಕಿವಿಗೆ ತೇಪೆ ಹಾಕಿದಂತೆ ಕಾಣುತ್ತಿತ್ತು.

ಅಷ್ಟರಲ್ಲಿ ವಜ್ರಳ್ಳಿಯಲ್ಲೊಂದು ಮದುವೆ. ಮದುಮಗಳು ನನ್ನ ಗಿರಾಕಿ, ಅವಳ ತಂಗಿಯರಿಗೆಲ್ಲ ನಾನೇ ಬಳೆ ಮಾಡಿಕೊಟ್ಟಿದ್ದೆ. ಧಾರೆ ಮುಗಿದು, ಮಕ್ಕಳು ಊಟಕ್ಕೆ ಓಡಿದ ಮೇಲೆ, ಹರಿವಾಣದಲ್ಲಿ ಬಿಚ್ಚಿಟ್ಟ ಬಾಸಿಂಗ ಕಂಡಿತು. ಅದನ್ನು ಎತ್ತಿದೆ. ಕಣ್ಣಿಗೆ ಅಷ್ಟು ದೊಡ್ಡದು, ಕೈಗೆ ಏನೂ ಇಲ್ಲ. ನೀರಲ್ಲಿ ಬೆಳೆಯುವ ಬೆಂಡಿನ ಗಿಡದ ಬಿಳೀ ತಿರುಳನ್ನು ಕಾಗದದಂತೆ ಸೀಳಿ, ಎಸಳು ಮಾಡಿ, ನಡುವೆ ಹೊಳೆಯುವ ಬೇಗಡೆ ಅಂಟಿಸಿದ್ದರು. ನಾನು ಚಿಕ್ಕಂದಿನಿಂದ ಎಷ್ಟು ಮದುವೆಯಲ್ಲಿ ಬಾಸಿಂಗ ನೋಡಿಲ್ಲ! ನನ್ನ ಹಣೆಗೂ ಒಮ್ಮೆ ಕಟ್ಟಿದ್ದರು. ಎತ್ತಿ ತೂಗಿ ನೋಡುವುದು ಮಾತ್ರ ಅವತ್ತೇ ಮೊದಲು. ಮದುಮಗಳ ತಾಯಿಯನ್ನು ಅಡುಗೆಮನೆಯ ಬಾಗಿಲಲ್ಲೇ ಹಿಡಿದು, ಯಾರು ಮಾಡಿದ್ದು ಎಂದು ಕೇಳಿದೆ. ನಿಲ್ಕುಂದದ ಕಡೆಯ ಗಂಡ ಹೆಂಡತಿ ಎಂದರು.

ಮರುವಾರವೇ ನಿಲ್ಕುಂದದ ಬಸ್ಸು ಹತ್ತಿದೆ. ದಾರಿಯಲ್ಲಿ ಇಳಿದು, ಕೇಳಿ ಕೇಳಿ ಅವರ ಮನೆ ಮುಟ್ಟಿದಾಗ ಯಜಮಾನರು ಜಗಲಿಯ ಮೇಲೆ ಕೂತು ತೆಳ್ಳನೆಯ ಚೂರಿಯಲ್ಲಿ ಬೆಂಡು ಸೀಳುತ್ತಿದ್ದರು. ಅವರ ಹೆಂಡತಿ ಗೋಡೆಗೆ ಒರಗಿ ಎಸಳು ಕತ್ತರಿಸುತ್ತಿದ್ದರು. ನೀರು ಬೆಲ್ಲ ಕೊಟ್ಟು ಕೂರಿಸಿದರು. ಬೆಂಡಿನಲ್ಲಿ ಓಲೆ ಮಾಡಿಕೊಡುತ್ತೀರಾ ಎಂದು ಕೇಳಿದ್ದೇ, ಯಜಮಾನರ ಮುಖ ಬಿಗಿಯಿತು.

"ಇದು ಮದುವೆ ಕೆಲಸ ಕಾಣಿ. ಹಣೆಗೆ ಕಟ್ಟೂದು. ಅದನ್ನೇ ಕಿವಿಗೆ ನೇತು ಹಾಕ್ಕಂಡು ಬಸ್ಸಲ್ಲಿ ತಿರುಗ್ತ್ರು ಅಂದ್ರೆ ನಂಗೆ ಸರಿ ಕಾಣೂದಿಲ್ಲ."

"ಶೋಕಿಗಲ್ಲ ಯಜಮಾನ್ರೆ, ಕಿವಿ ಹರಿದು ಓಲೆ ಬಿಟ್ಟವರಿಗೆ" ಎಂದು ಅಕ್ಕೋರ ಸಂಗತಿ ಹೇಳಿದೆ. ಅವರು ಮತ್ತೊಂದು ಬೆಂಡು ಎತ್ತಿಕೊಂಡು ಸೀಳತೊಡಗಿದರು. ಆಗದು ಎಂದುಕೊಂಡು ನಾನು ಏಳುವುದರಲ್ಲಿದ್ದೆ. ಗೋಡೆಯ ಹತ್ತಿರದಿಂದ ಕತ್ತರಿಯ ಸದ್ದು ನಿಂತಿತು.

"ಎಂಥಾ ಕಿವಿಗೆ? ಇಂಥಾದ್ಕಾ?" ಎಂದು ಅವರ ಹೆಂಡತಿ ಕಿವಿಯ ಮೇಲೆ ಬಾಚಿಕೊಂಡಿದ್ದ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿದರು. ಎರಡೂ ಹಾಲೆ ಸೀಳಿದ್ದವು.

ಯಜಮಾನರು ಚೂರಿ ಕೆಳಗಿಟ್ಟರು. ಹತ್ತಿರ ಹೋಗಿ ಬಗ್ಗಿ ನೋಡಿದರು.

"ಇದು ಯಾವಾಗ ಹರೀತು?"

"ಮಗಳ ಮದುವೆಲಿ. ಈಗ ಅವಳಿಗೇ ಮಗಳಿದ್ದಾಳೆ."

"ನಂಗೆ ಹೇಳಲೇ ಇಲ್ಲ?"

"ನೀವು ಬಾಸಿಂಗ ನೋಡ್ತಾ ಇದ್ರಿ."

ನನಗೆ ನಗು ಬಂತು, ನಗಬಹುದೋ ಇಲ್ಲವೋ ಗೊತ್ತಾಗಲಿಲ್ಲ. ಆಕೆಯೇ ಮೊದಲು ನಕ್ಕರು. ಯಜಮಾನರು ನಗಲಿಲ್ಲ. ನಾನು ಕೊಟ್ಟ ಕೊಕ್ಕೆಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಹತ್ತು ದಿನ ಬಿಟ್ಟು ಬರ್ರಿ" ಎಂದರು.

ಹತ್ತು ದಿನ ಬಿಟ್ಟು ಹೋದೆ. ಬಾಗಿಲಿಗೆ ಬಂದದ್ದು ಹೆಂಡತಿ. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಎಳೆದು ತುರುಬು ಕಟ್ಟಿದ್ದರು. ಎರಡೂ ಕಿವಿಯಲ್ಲಿ ಬಿಳೀ ಎಸಳಿನ, ನಡುವೆ ಚಿನ್ನದ ಬಣ್ಣದ ಬೇಗಡೆಯ ಬೆಂಡೋಲೆ. ಕೊಕ್ಕೆಯನ್ನೂ ತಮ್ಮ ಕಿವಿಗೆ ತಕ್ಕಂತೆ ಬಗ್ಗಿಸಿಕೊಂಡಿದ್ದರು, ಹಾಲೆಯ ಸೀಳು ಕಾಣುತ್ತಲೇ ಇರಲಿಲ್ಲ. ಬಂದಿರಾ ಎಂದು ಕೇಳುವ ಮೊದಲೇ ಅವರು ಹೇಳಿದ್ದು, "ಇದು ನಿಮ್ಮ ಅಕ್ಕೋರದಲ್ಲ, ನಂದು. ಕೊಡೂದಿಲ್ಲ."

ಒಳಗಿನಿಂದ ಯಜಮಾನರು, "ನಿನ್ನೆಯಿಂದ ತೆಗಿಲೇ ಇಲ್ಲ ಮಾರಾಯ್ರೆ. ಕೋಳಿಗೆ ಕಾಳು ಹಾಕೂಕೂ ಅದನ್ನ ಹಾಕ್ಕಂಡೇ ಹೋಗ್ತದೆ" ಎಂದರು. ದೂರಿನ ಮಾತು, ಆದರೆ ದನಿಯಲ್ಲಿ ದೂರು ಇರಲಿಲ್ಲ.

ಅಂಗಳದಲ್ಲಿ ನಿಂತೇ ಅಕ್ಕೋರಿಗೆ ಫೋನು ಮಾಡಿದೆ. ನಿಮ್ಮ ಓಲೆ ಬೇರೆಯವರ ಕಿವಿಗೆ ಹೋಯಿತು ಎಂದು ಹೇಳಿ ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವರು ಪೂರ್ತಿ ಕೇಳಿ, "ಮಾಡಿದವೇ ಕೊಡ್ತ್ವಿಲ್ಲೆ ಅಂದ್ರೆ ಚೊಲೋ ಇದ್ದು ಹೇಳಾತು. ಅಡ್ಡಿಲ್ಲೆ, ಎಂಗೂ ಅಂಥದ್ದೇ ಬೇಕು" ಎಂದರು.

ಭಾಯಿ ಮತ್ತೊಂದು ಜೊತೆ ಕೊಕ್ಕೆ ಬಗ್ಗಿಸಿದರು. ತಂತಿ ಕಿವಿಗೆ ಒತ್ತದಂತೆ ನಾನು ಅದಕ್ಕೆ ಮೈಬಣ್ಣದ ರೇಷ್ಮೆ ದಾರ ಸುತ್ತಿದೆ. ನಿಲ್ಕುಂದದ ಕಡೆಯಿಂದ ಬೆಂಡಿನ ಹೂ ಬಂತು, ಈ ಸಲ ಅಂಚಿಗೆ ಕುಂಕುಮದ ಕೆಂಪು. ಅದನ್ನೆಲ್ಲ ಜೋಡಿಸಿ ಸಿದ್ದಾಪುರಕ್ಕೆ ಒಯ್ದೆ. ಅಕ್ಕೋರು ಕನ್ನಡಿಯ ಮುಂದೆ ನಿಂತು ಹಾಕಿಕೊಂಡರು. ತಲೆ ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ಮೂರು ಬಾರಿ ಜೋರಾಗಿ ಅಲ್ಲಾಡಿಸಿದರು. ಓಲೆ ಅಲುಗಲಿಲ್ಲ. ಅವರು ಸೆರಗನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿ, ಚೀಲ ತೆಗೆದುಕೊಂಡು, "ಅಂಗಡಿಗೆ ಹೋಗಿ ಒಂದು ಬೆಂಕಿಪೆಟ್ಟಿಗೆ ತಪ್ಪನ, ಬಾ" ಎಂದರು.

ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಬೆಂಕಿಪೆಟ್ಟಿಗೆಯ ಕಟ್ಟೇ ಇತ್ತು. ನಾನೂ ಚಪ್ಪಲಿ ಮೆಟ್ಟಿ ಹೊರಟೆ. ಅಂಗಡಿಗೆ ಹೋಗುವ ದಾರಿಯಲ್ಲಿ ನಾಲ್ಕು ಮನೆಯವರನ್ನು ನಿಲ್ಲಿಸಿ ಮಾತಾಡಿಸಿದರು. ಅಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೇಳುವುದನ್ನೇ ಮರೆತರು.

ಒಂದು ವಾರವಾಗಿರಬೇಕು, ಬೆಳಿಗ್ಗೆ ಅವರ ಫೋನು. "ತಂಗೀ, ಓಲೆ ಬಾವಿಗೆ ಬಿತ್ತು!" ನಾನು ಬಾಯಿ ತೆರೆಯುವ ಮೊದಲೇ, "ತೇಲ್ತಾ ಇದ್ದು ಮಾರಾಯ್ತಿ! ತಾವರೆ ಹೂವಿನ ಹಾಂಗೆ!" ಎಂದು ಅವರು ನಗತೊಡಗಿದರು. ಕೊಡಪಾನ ಇಳಿಸಿ ಎತ್ತಿದರಂತೆ. ಬಂಗಾರದ್ದಾಗಿದ್ದರೆ ಬಾವಿಗೆ ಜನ ಇಳಿಸಬೇಕಿತ್ತು ಎಂದು ಆಮೇಲೆ ಎಷ್ಟು ಜನರಿಗೆ ಹೇಳಿದರೋ. ಓಲೆಯ ಕೆಂಪು ಬಣ್ಣ ಮಾತ್ರ ಬಿಟ್ಟು ಎಸಳೆಲ್ಲ ಗುಲಾಬಿಯಾಗಿತ್ತು. ಅದನ್ನು ನೋಡಿದ ಮೇಲೆ ನಿಲ್ಕುಂದದ ಕಡೆಯ ಆ ಹೆಂಗಸು ನೀರಿಗೆ ಬಿಡದ ಬಣ್ಣ ಹುಡುಕಿ, ಮೇಲೊಂದು ತೆಳು ವಾರ್ನಿಷ್ ಬಳಿಯುವುದನ್ನು ಕಲಿತರು.

ಅಕ್ಕೋರ ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಸೆರಗು ಹೊದ್ದ, ಕೂದಲು ಇಳಿಬಿಟ್ಟ ಹೆಂಗಸರು ನನ್ನ ಮುಂದಿನ ಕೋಣೆಗೆ ಬರತೊಡಗಿದರು. ಬಂದವರು ಮೊದಲು ಬಳೆ ನೋಡುತ್ತಾರೆ, ಸರ ನೋಡುತ್ತಾರೆ, ಹವೆಯ ಮಾತಾಡುತ್ತಾರೆ. ಬೇರೆ ಗಿರಾಕಿಗಳು ಹೊರಟ ಮೇಲೆ ಮೆಲ್ಲಗೆ, "ಅಕ್ಕೋರು ಹೇಳಿದ್ರು" ಎನ್ನುತ್ತಾರೆ. ನಾನು ಬಾಗಿಲು ಓರೆ ಮಾಡಿ ಮೆದು ತಂತಿ ತೆಗೆಯುತ್ತೇನೆ. ಕಾಶ್ಮೀರಿ ಸೇಬು ಮಾರುವವರ ಮನೆಯ ಅಜ್ಜಿಯೊಬ್ಬರು ಬಂದಾಗ ಭಾಯಿಯೇ ಜೊತೆಗೆ ಬಂದಿದ್ದರು, ಅವರು ಭಾಯಿಯ ದೊಡ್ಡಮ್ಮ. ಒಬ್ಬೊಬ್ಬರ ಕಿವಿಗೆ ಒಂದೊಂದು ಕತೆ. ಎಮ್ಮೆಯ ಕೊಂಬಿಗೆ ಸಿಕ್ಕಿದ್ದೂ ಇತ್ತು.

ಪ್ರತಿ ಜೊತೆ ಓಲೆಯ ಸಂಗಡವೂ ಒಂದು ಚೀಟಿ ಇಡುವುದು ನನ್ನ ರೂಢಿ. ಅದರಲ್ಲಿ ಬೆಂಡು ಯಾರದು, ತಂತಿ ಯಾರದು, ದಾರ ಯಾರದು ಎಂದು ಹೆಸರು ಬರೆಯುತ್ತೇನೆ. ಮೊದಲ ಚೀಟಿಗಳಲ್ಲಿ ಬೆಂಡಿನ ಮುಂದೆ ಯಜಮಾನರ ಹೆಸರಿತ್ತು. ಅವರೇ ಅದನ್ನು ವಾಪಸು ಕಳಿಸಿದರು. "ನಾನು ಮಾಡೂದು ಬಾಸಿಂಗ. ಓಲೆ ಅವಳದು, ಅವಳ ಹೆಸರು ಹಾಕಿ." ನಾನು ಅಷ್ಟೂ ಚೀಟಿಯನ್ನು ಕೂತು ಮತ್ತೆ ಬರೆದೆ. ಭಾಯಿ ತಮ್ಮ ಹೆಸರಿನ ಚೀಟಿಯೊಂದನ್ನು ಕಣ್ಣು ಪರೀಕ್ಷೆಯ ಅಕ್ಷರದ ಬೋರ್ಡಿನ ಪಕ್ಕಕ್ಕೇ ಅಂಟಿಸಿಕೊಂಡಿದ್ದಾರೆ.

ಈ ವರ್ಷ ಯಲ್ಲಾಪುರದ ಮೇಳಕ್ಕೆ ನಿಲ್ಕುಂದದ ಕಡೆಯ ಆ ಹೆಂಗಸನ್ನೂ ಕರೆದುಕೊಂಡು ಹೋದೆ. ಮಾರಲು ಕೂತದ್ದು ಅವರಿಗೆ ಅದೇ ಮೊದಲು. ಬೆಳಿಗ್ಗೆಯೆಲ್ಲ ನನ್ನ ಹಿಂದೆ ಸರಿದು ಕೂತಿದ್ದರು. ಮಧ್ಯಾಹ್ನ ಕಾಲೇಜಿನ ಹುಡುಗಿಯೊಬ್ಬಳು ಬಂದು ಬೆಂಡೋಲೆ ಎತ್ತಿ ನೋಡಿ, ಬೇಕು ಎಂದಳು. ಆಕೆ ಥಟ್ಟನೆ ಮುಂದೆ ಬಂದರು.

"ನಿಂಗೆ ಎಂತಕ್ಕೆ? ಕಿವಿ ತೋರ್ಸು ಕಾಂಬ."

ಹುಡುಗಿ ತಬ್ಬಿಬ್ಬಾಗಿ ತೋರಿಸಿದಳು. ಎರಡೂ ಕಿವಿ ಗಟ್ಟಿಯಾಗಿದ್ದವು.

"ನಿಂಗೆ ಬೇಕಾದಷ್ಟು ಓಲೆ ಆಗ್ತದೆ ಮಗಾ. ಇದು ಹರಿದ ಕಿವಿಗೆ ಮಾಡಿದ್ದು."

"ಚಂದ ಇದೆ ಅಂತ ಕೇಳಿದೆ ಅಮ್ಮಾ. ಎಲ್ಲೂ ಇಂಥದ್ದು ನೋಡಿಲ್ಲ" ಎಂದಳು ಹುಡುಗಿ.

ಆಕೆ ನನ್ನ ಮುಖ ನೋಡಿದರು. ಓಲೆ ನಿಮ್ಮದು, ನೀವೇ ಹೇಳಿ ಎಂದೆ. ಆಕೆ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೊಕ್ಕೆಯನ್ನು ಅವಳ ಕಿವಿಗೆ ತಕ್ಕಂತೆ ಬಗ್ಗಿಸಿ, ತಾವೇ ಹಾಕಿದರು. ಹುಡುಗಿಯ ಗೆಳತಿಯರೂ ಬಂದರು. ಆಮೇಲೆ ಆಕೆ ನನ್ನ ಹಿಂದೆ ಕೂರಲಿಲ್ಲ. ಮೇಜಿನ ಮುಂದೆ ನಾನೇ ಪಕ್ಕಕ್ಕೆ ಸರಿಯಬೇಕಾಯಿತು.

ಸಂಜೆ ಶಿರಸಿಯ ಬಸ್ಸಿನಲ್ಲಿ ಬರುವಾಗ ಆಕೆ ಕೇಳಿದರು, "ಆ ಹುಡುಗಿ ವೇಲು ನೋಡಿದ್ರಾ? ನೀಲಿ. ಬಾಸಿಂಗಕ್ಕೆ ನಾವು ನೀಲಿ ಹಾಕೂದೇ ಇಲ್ಲ. ಓಲೆಗೆ ಹಾಕೂಕೆ ಅಡ್ಡಿ ಏನು?"

"ಏನೂ ಅಡ್ಡಿ ಇಲ್ಲ."

"ಶಿರಸಿಲಿ ಸಿಗ್ತದಾ?"

ಬಸ್ ಸ್ಟ್ಯಾಂಡಿನಲ್ಲಿ ಇಳಿದವರೇ ಪೇಟೆಗೆ ನಡೆದೆವು. ಬಣ್ಣದ ಅಂಗಡಿಯವನು ಮುಂದಿಟ್ಟ ಐದು ನೀಲಿಯಲ್ಲಿ ಯಾವುದೂ ಆ ವೇಲಿನ ನೀಲಿಯಲ್ಲ ಎಂದು ಆಕೆ ಹಟ ಹಿಡಿದರು. ಕೊನೆಗೆ ಆರನೆಯದು ಒಪ್ಪಿಗೆಯಾಯಿತು. ಅಷ್ಟರಲ್ಲಿ ನಿಲ್ಕುಂದದ ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಹತ್ತಿಸಿ ಕಿಟಕಿಯ ಕೆಳಗೆ ನಿಂತೆ. ಆಕೆ ಬಣ್ಣದ ಡಬ್ಬಿಯನ್ನು ಚೀಲಕ್ಕೆ ಹಾಕಿರಲಿಲ್ಲ. ಮಡಿಲಲ್ಲಿಟ್ಟುಕೊಂಡು ಮುಚ್ಚಳ ಸ್ವಲ್ಪ ತೆರೆದು ಇಣುಕಿ ನೋಡುತ್ತಿದ್ದರು, ಬಸ್ಸು ಹೊರಟದ್ದೂ ಅವರಿಗೆ ಗೊತ್ತಾಗಲಿಲ್ಲ.