ಗ್ರಹಣದ ದಿನದ ಸೀಬೆಕಾಯಿ

ಮೊನ್ನೆ ವಿಜಯನಗರದ ಮಾರುಕಟ್ಟೆಯಲ್ಲಿ ಗಾಡಿಯವನೊಬ್ಬ ಸೀಬೆಕಾಯಿ ಹೆಚ್ಚಿ ಉಪ್ಪು, ಖಾರದಪುಡಿ ಉದುರಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತೆಗೆದ ಪರ್ಸನ್ನು ಮುಚ್ಚಿ ಹೊರಟುಬಿಟ್ಟೆ. ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು. ಅವರಿಗೆ ನಾನು ಮಾಡಿದ್ದೂ...

ಆಗ ನಾವಿದ್ದದ್ದು ಮೂಡಲಪಾಳ್ಯದ ಆರು ಮನೆಯ ವಠಾರದಲ್ಲಿ. ನನಗೆ ಏಳು ವರ್ಷ, ಮುಂದಿನ ಹಲ್ಲು ಬಿದ್ದು ಬಾಯಿ ಬೋಳು. ಆಂಟಿಯನ್ನು ಸ್ವಂತ ಸೋದರಮಾವನಿಗೇ ಕೊಟ್ಟಿದ್ದರು. ಹೀಗಾಗಿ ಅವರಿಗೆ ಅತ್ತೆಯೂ ಅಜ್ಜಿಯೂ ಒಬ್ಬರೇ. ಕರೆಯುತ್ತಿದ್ದದ್ದೂ ಅಜ್ಜಿ ಅಂತಲೇ. ಸಂಬಂಧ ಕೈಬಿಟ್ಟು ಹೋಗಬಾರದು ಎಂದು ಹಟ ಹಿಡಿದು ಆ ಮದುವೆ ಮಾಡಿಸಿದ್ದವರು ಆ ಅಜ್ಜಿ.

ಆ ವರ್ಷ ಸೂರ್ಯಗ್ರಹಣ ಬಂದಾಗ ಆಂಟಿಗೆ ಎಂಟು ತಿಂಗಳು. ಬಸುರಿ ಗ್ರಹಣದಲ್ಲಿ ಚಾಕು ಮುಟ್ಟಬಾರದು, ಏನನ್ನೂ ಹೆಚ್ಚಬಾರದು ಎಂದು ಹೇಳಿ ಅಜ್ಜಿ ಅವರನ್ನು ಅಡುಗೆಮನೆಯಲ್ಲಿ ಕೂರಿಸಿ, ತಾವು ನಡುಮನೆಯಲ್ಲಿ ಜಪಕ್ಕೆ ಕೂತಿದ್ದರು. ನಾನೋ ಹೊಟ್ಟೆಬಾಕಿ. ಗ್ರಹಣ ಬಿಡುವ ತನಕ ನಮ್ಮ ಮನೆಯಲ್ಲಿ ಏನನ್ನೂ ತಿನ್ನಲು ಬಿಡುತ್ತಿರಲಿಲ್ಲ. ಲಂಗದಲ್ಲಿ ಒಂದು ಸೀಬೆಕಾಯಿ ಬಚ್ಚಿಟ್ಟುಕೊಂಡು ಹಿತ್ತಲ ಬಾಗಿಲಿನಿಂದ ನುಗ್ಗಿ, ಹೆಚ್ಚಿಕೊಡಿ ಎಂದು ಗೋಗರೆದೆ.

"ಹಲ್ಲಿಲ್ಲದ ಬಾಯಿಗೆ ಸೀಬೆಕಾಯಿ ಬೇರೆ ಕೇಡು!" ಎಂದು ನಕ್ಕು, ಸದ್ದಾಗದಂತೆ ತೆಳ್ಳಗೆ ಹೆಚ್ಚಿ ಕೊಟ್ಟರು.

ತಿಂಗಳಿಗೆ ಹೆಣ್ಣು ಮಗು ಹುಟ್ಟಿತು. ಮೇಲ್ತುಟಿ ಮೂಗಿನವರೆಗೂ ಸೀಳಿತ್ತು, ಅಂಗುಳವೂ ಕೂಡಿರಲಿಲ್ಲ. ವಠಾರದವರೆಲ್ಲ ಸುತ್ತ ನಿಂತಿದ್ದಾಗ ಅಜ್ಜಿ, "ಗ್ರಹಣದ ದಿನ ಇವಳು ಏನಾದ್ರೂ ಮುಟ್ಟಿದ್ಲೇನ್ರೇ?" ಎಂದು ಕೇಳಿದರು. ನನ್ನದು ಎಲುಬಿಲ್ಲದ ನಾಲಿಗೆ. ಏನೋ ಜಾಣತನ ಮಾಡಿದವಳಂತೆ, "ನಂಗೆ ಸೀಬೆಕಾಯಿ ಹೆಚ್ಚಿಕೊಟ್ರು!" ಎಂದುಬಿಟ್ಟೆ.

ಅಷ್ಟೇ. ಅಲ್ಲಿಂದಾಚೆ ಆಂಟಿ ಒಬ್ಬಂಟಿಯಾದರು. ಸೀಮಂತಕ್ಕೆ, ನಾಮಕರಣಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ಬಸುರಿಯರು ಅವರೆದುರು ಬರದಂತೆ ನೋಡಿಕೊಂಡರು. ಮಾವನೂ ಆಗಿದ್ದ ಗಂಡ ತಾಯಿಯ ಮಾತಿಗೆ ತುಟಿ ಬಿಚ್ಚಲಿಲ್ಲ. ಮಗುವಿಗೆ ಎದೆಹಾಲು ಚೀಪಲು ಬರುತ್ತಿರಲಿಲ್ಲ. ಆಂಟಿ ಹೊಸ್ತಿಲಲ್ಲಿ ಒಬ್ಬರೇ ಕೂತು, ಅದನ್ನು ನೆಟ್ಟಗೆ ಹಿಡಿದುಕೊಂಡು, ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಹಾಲು ಕುಡಿಸುತ್ತಿದ್ದರು. ಅರ್ಧ ಹಾಲು ಮೂಗಿನಿಂದ ಆಚೆ ಬರುತ್ತಿತ್ತು. ಒರೆಸಿ, ಮತ್ತೆ ಕುಡಿಸುವರು... ಒಂದು ದಿನ ನಾನು ತಲೆ ತಗ್ಗಿಸಿ ಹೋಗುತ್ತಿದ್ದಾಗ ಅವರೇ ಕರೆದು, "ಹಲ್ಲು ಬಂತೇನೇ?" ಎಂದು ಕೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಓಡಿಹೋದೆ.

ಮಗುವಿನ ಆಪರೇಷನ್ ಆದ ಮೇಲೆ ಅವರು ಕೆಂಗೇರಿ ಕಡೆ ಮನೆ ಮಾಡಿಕೊಂಡು ಹೋದರು.

ಆರು ವರ್ಷದ ಹಿಂದೆ ನಾನೇ ಬಸುರಿಯಾದಾಗ ಡಾಕ್ಟರು, "ಸಂಬಂಧದಲ್ಲೇ ಮದುವೇನಾ?" ಎಂದು ಕೇಳಿ, ಫೋಲಿಕ್ ಮಾತ್ರೆ ಬರೆದುಕೊಟ್ಟರು. ತಡೆಯಲಾರದೆ ಆಂಟಿಯ ವಿಷಯ ಕೇಳಿದೆ. ಇಂಥ ಮಕ್ಕಳು ಅಪರೂಪವೇನಲ್ಲವಂತೆ. ಹತ್ತಿರದ ಸಂಬಂಧದ ಮದುವೆ, ವಂಶದಲ್ಲಿ ಬಂದದ್ದು, ಪೌಷ್ಟಿಕತೆಯ ಕೊರತೆ, ಹೊಗೆಸೊಪ್ಪು, ಕೆಲವು ಔಷಧಿಗಳು, ಯಾವುದಾದರೂ ಕಾರಣವಿರಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. "ಗ್ರಹಣಕ್ಕೂ ಇದಕ್ಕೂ ಏನ್ರೀ ಸಂಬಂಧ? ತುಟಿ, ಅಂಗುಳ ಎಲ್ಲಾ ಬಸುರಿನ ಮೊದಲ ಮೂರು ತಿಂಗಳೊಳಗೇ ಕೂಡಿಬಿಡುತ್ತೆ," ಎಂದರು. ಆಂಟಿಗೆ ಅವತ್ತು ಎಂಟು ತಿಂಗಳು! ಅವರು ಚಾಕು ಹಿಡಿಯುವುದಕ್ಕೆ ಎಷ್ಟೋ ಮೊದಲೇ ಆಗಿಹೋಗಿದ್ದ ಕೆಲಸ ಅದು.

ಇದನ್ನು ಅವರಿಗೆ ಹೇಳಲೇಬೇಕು ಅಂದುಕೊಂಡೆ. ಅಮ್ಮನಿಂದ ವಿಳಾಸವನ್ನೂ ಬರೆಸಿಕೊಂಡೆ. ಈ ಭಾನುವಾರ, ಮುಂದಿನ ಭಾನುವಾರ ಅಂತ ತಳ್ಳಿದೆ. ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನುವ ಅಳುಕು ಬೇರೆ...

ಮೊನ್ನೆ ಮಾರುಕಟ್ಟೆಯಿಂದ ನೇರ ಮೆಟ್ರೋ ಹತ್ತಿದೆ. ಬಾಗಿಲು ತೆರೆದವಳು ಮಗಳು. ತುಟಿಯ ಮೇಲೊಂದು ಸಣ್ಣ ಗೆರೆ, ಅಷ್ಟೇ. ಅವಳ ಹಿಂದೆ ಗೋಡೆಯಲ್ಲಿ ಆಂಟಿಯ ಫೋಟೋ, ಹಾರ. ಹೋಗಿ ಎಂಟು ತಿಂಗಳಾಯಿತಂತೆ. ನಾನು ಯಾರೆಂದು ಹೇಳಿ, ಹೇಳಬೇಕಾದ್ದನ್ನೆಲ್ಲ ಅವಳಿಗೇ ಅಳುತ್ತಾ ಹೇಳಿದೆ.

ಅವಳು ನೀರು ತಂದುಕೊಟ್ಟಳು. "ಇದು ನಮ್ಗೆ ಗೊತ್ತಿತ್ತು ಅಕ್ಕಾ. ಆಪರೇಷನ್ ಮಾಡ್ದಾಗ್ಲೇ ಡಾಕ್ಟ್ರು ಅಮ್ಮಂಗೆ ಬಿಡಿಸಿ ಹೇಳಿದ್ರಂತೆ. ಅಮ್ಮ ನಂಬ್ಲಿಲ್ಲ. ಸಮಾಧಾನಕ್ಕೆ ಹೇಳ್ತಾರೆ ಬಿಡು ಅನ್ನೋರು."

ಫೋಟೋದ ಹಾರ ಸರಿಮಾಡುತ್ತಾ ಹೇಳಿದಳು. "ವಠಾರದೋರು ಒಬ್ರಾದ್ರೂ ಬಂದು ಹೇಳಿದ್ರೆ ನಂಬ್ತಿದ್ರು, ಅಕ್ಕಾ."